ನಲವತ್ತಮೂರು ಲೆನ್ಸು, ಒಂದು ಹಳೇ ಪೇಪರು

ನಮ್ಮ ಭಾವನಿಗೆ ನಾನು ಇಲ್ಲಿಯವರೆಗೆ ನಲವತ್ತಮೂರು ಚೀಲ ಹೊಲಿದುಕೊಟ್ಟಿದ್ದೇನೆ. ಸಾಮಾನು ತರುವ ಚೀಲವಲ್ಲ. ಅಂಗೈಯಷ್ಟು ಅಗಲ, ಒಳಗೆ ಮೆತ್ತನೆಯ ಅಸ್ತರು, ಬಾಯಿಗೆ ಎಳೆದು ಕಟ್ಟುವ ದಾರ. ಒಂದೊಂದರಲ್ಲೂ ಒಂದೊಂದು ಹಳೆಯ ಕ್ಯಾಮೆರಾ ಲೆನ್ಸು. ನಾನು ದರ್ಜಿ. ಷರಟು, ಪ್ಯಾಂಟು, ಯೂನಿಫಾರ್ಮು ಹೊಲಿದು ಬದುಕುವವನು. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ಜೇಬಿನಿಂದ ಒಂದು ಗಾಜಿನ ಗುಂಡು ತೆಗೆದು, "ಇದಕ್ಕೊಂದು ಅಂಗಿ ಹೊಲಿ" ಎಂದು ಹೇಳುವವರು ಅಕ್ಕನ ಗಂಡನಲ್ಲದೆ ಬೇರೆ ಯಾರಾದರೂ ಆಗಿದ್ದರೆ ಕತ್ತರಿ ತೋರಿಸಿ ಓಡಿಸುತ್ತಿದ್ದೆ.

ಭಾವ ಸಿಟಿ ಬಸ್ಸಿನ ಡ್ರೈವರು. ವಯಸ್ಸು ಐವತ್ತನಾಲ್ಕು. ಒಂಬತ್ತನೇ ನಂಬರಿನ ಬಸ್ಸನ್ನು ಇಪ್ಪತ್ತೆರಡು ವರ್ಷದಿಂದ ಒಂದೇ ದಾರಿಯಲ್ಲಿ ಓಡಿಸುತ್ತಿದ್ದಾರೆ. ಬೆನ್ನ ಹಿಂದೆ ಅರವತ್ತು ಜನರನ್ನು ಕೂರಿಸಿಕೊಂಡು ಹೋಗುವ ಮನುಷ್ಯನ ಕಣ್ಣನ್ನು ಎಷ್ಟು ಜೀವ ನಂಬಿಕೊಂಡಿರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಲೆನ್ಸಿನ ಕಥೆಯೆಲ್ಲ ಕೊನೆಗೆ ಬಂದು ನಿಂತದ್ದು ಅಲ್ಲಿಗೇ.

ಮನುಷ್ಯ ಕೂತಲ್ಲಿ ಕೂರುವವರಲ್ಲ. ಊಟಕ್ಕೆ ಕೂತರೂ ಉಪ್ಪಿನ ಡಬ್ಬಿಯ ಮುಚ್ಚಳ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಿರುತ್ತಾರೆ. ನನ್ನ ಅಂಗಡಿಗೆ ಬಂದರೆ ಹೊಲಿಗೆ ಯಂತ್ರದ ಚಕ್ರವನ್ನೇ ತಿರುಗಿಸಿ ದಾರ ಕಡಿದು ಹೋಗುತ್ತಾರೆ. ಡಿಪೋದಲ್ಲಿ ಅವರಿಗೆ 'ದುರ್ಬೀನು' ಎಂದು ಹೆಸರಿಟ್ಟಿದ್ದಾರೆ. ಅಕ್ಕ ಮಾತ್ರ ಯಾವ ಅಡ್ಡಹೆಸರೂ ಇಡಲಿಲ್ಲ. ಅವಳು "ಇವರು" ಎನ್ನುವಾಗಿನ ಧಾಟಿಯಲ್ಲೇ ಎಲ್ಲ ಅಡ್ಡಹೆಸರೂ ಸೇರಿಕೊಂಡಿರುತ್ತದೆ.

ಈ ಹುಚ್ಚು ಹತ್ತಿದ್ದು ಎಂಟು ವರ್ಷದ ಹಿಂದೆ. ಯಾರೋ ಬಸ್ಸಿನಲ್ಲಿ ಒಂದು ಹಳೆಯ ರೀಲಿನ ಕ್ಯಾಮೆರಾ ಮರೆತು ಇಳಿದುಹೋದರು. ಡಿಪೋದ ಬೀರುವಿನಲ್ಲಿ ಅದು ಒಂದು ವರ್ಷ ಕೂತಿತ್ತು, ಕೇಳಿಕೊಂಡು ಒಬ್ಬರೂ ಬರಲಿಲ್ಲ. ವರ್ಷ ಕಳೆದರೆ ಸಿಕ್ಕಿದವರಿಗೇ ಕೊಟ್ಟುಬಿಡುವುದು ಅಲ್ಲಿನ ಪದ್ಧತಿ. ಕ್ಯಾಮೆರಾ ತುಕ್ಕು ಹಿಡಿದು ಕೆಟ್ಟಿತ್ತು. ಅದರ ಮೂತಿಗಿದ್ದ ಲೆನ್ಸು ಮಾತ್ರ ಚೆನ್ನಾಗಿತ್ತು. ರಿಪೇರಿ ಅಂಗಡಿಯವನು, "ಕ್ಯಾಮೆರಾ ಗುಜರಿಗೆ ಹಾಕಿ. ಲೆನ್ಸನ್ನ ಡಿಜಿಟಲ್ ಕ್ಯಾಮೆರಾಕ್ಕೆ ಹಾಕ್ಬಹುದು, ನಡುವೆ ಹಾಕೋಕೆ ಒಂದು ಉಂಗುರ ಸಿಗುತ್ತೆ" ಎಂದನಂತೆ. ಅವನ ಬಾಯಿಗೆ ಆ ದಿನ ಯಾರಾದರೂ ಬೀಗ ಹಾಕಿದ್ದರೆ ನಾನು ಇಷ್ಟು ಚೀಲ ಹೊಲಿಯುತ್ತಿರಲಿಲ್ಲ.

ಈಗಿನ ಲೆನ್ಸುಗಳಿಗೆ ಎಲ್ಲವೂ ತಾವಾಗೇ ಗೊತ್ತು. ಗುಂಡಿ ಒತ್ತಿದರೆ ತಾವೇ ಹುಡುಕಿ ಮುಖ ಹಿಡಿಯುತ್ತವೆ. ಹಳೆಯ ಲೆನ್ಸಿಗೆ ಏನೂ ಗೊತ್ತಿಲ್ಲ. ಅದರ ಬಳೆಯನ್ನು ಬೆರಳಿನಿಂದ ತಿರುಗಿಸುತ್ತ, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು, ಚಿತ್ರ ಯಾವಾಗ ಸ್ಪಷ್ಟವಾಯಿತು ಎಂದು ನಾವೇ ನೋಡಿ ಹೇಳಬೇಕು. ಭಾವನಿಗೆ ಬೇಕಾಗಿದ್ದುದೇ ಅದು, ಬೆರಳಿಗೆ ತಿರುಗಿಸಲು ಒಂದು ಕೆಲಸ. ಸ್ಪಷ್ಟವಾದ ಕಡೆಯೆಲ್ಲ ಕೆಂಪು ಗೀಟು ಎಳೆದು ತೋರಿಸುವ ಸೌಕರ್ಯ ಅವರು ಅದಕ್ಕೆಂದೇ ಕೊಂಡ ಡಿಜಿಟಲ್ ಕ್ಯಾಮೆರಾದಲ್ಲಿತ್ತು. ಅದನ್ನು ಮೊದಲ ದಿನವೇ ಬಂದ್ ಮಾಡಿಟ್ಟರು.

"ಅದೂ ಯಂತ್ರಾನೇ ಹೇಳೋದಾದ್ರೆ ಮಧ್ಯ ನಾನ್ಯಾಕೆ ಬೇಕು?" ಎಂದರು.

ಆ ಲೆನ್ಸಿನಲ್ಲಿ ಅವರು ತೆಗೆದ ಮೊದಲ ಚಿತ್ರ ಅಕ್ಕನದು. ಕಿಟಕಿಯ ಹತ್ತಿರ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮುಖದ ಒಂದೊಂದು ಗೆರೆಯೂ ಕೂದಲ ಎಳೆಯೂ ಎದ್ದು ಕಾಣುತ್ತಿತ್ತು, ಹಿಂದಿನ ಗೋಡೆ, ಬಾಗಿಲು, ಬಟ್ಟೆಯ ರಾಶಿಯೆಲ್ಲ ಕರಗಿ ಬಣ್ಣವಾಗಿ ಹೋಗಿತ್ತು. ಫೋಟೊ ಎಂದರೆ ಮುಖ ತಿರುಗಿಸುತ್ತಿದ್ದ ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. "ನಾನು ಹೀಗಿದೀನೇನ್ರೀ?" ಎಂದಳು. ಭಾವ ಮುಖ ಇಷ್ಟಗಲ ಮಾಡಿಕೊಂಡು ನಿಂತಿದ್ದರು. ಆ ಚಿತ್ರಕ್ಕೆ ಕಟ್ಟು ಹಾಕಿಸಿದರು. ಆ ಲೆನ್ಸಿಗೆ ನಾನು ಹೊಲಿದ ಚೀಲ ಮೊದಲನೆಯದು, ಕಡುನೀಲಿ ಬಟ್ಟೆಯದು.

ಅಲ್ಲಿಗೆ ನಿಲ್ಲಿಸಿದ್ದರೆ ಚಿನ್ನದಂಥ ಹವ್ಯಾಸ. ನಿಲ್ಲಿಸಲಿಲ್ಲ. ಭಾನುವಾರ ಹಳೇ ಸಾಮಾನಿನ ಬೀದಿ, ಉಳಿದ ದಿನ ಅಂಚೆಯ ಪಾರ್ಸೆಲು. ಒಂದು ಬಂದರೆ ಇನ್ನೊಂದು ಹೋಗುತ್ತದೆ, ಎರಡು ಹೋದರೆ ಮೂರು ಬರುತ್ತವೆ. ಬಂದ ಪ್ರತಿಯೊಂದಕ್ಕೂ ಮನೆಯಲ್ಲಿ ಒಂದು ಪರೀಕ್ಷೆ. ನಡುಮನೆಯ ಗೋಡೆಗೆ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿದ್ದರು. ಅದರ ಎದುರು ನೆಲದ ಮೇಲೆ ಬಿಳಿ ಟೇಪಿನ ಮೂರು ಚುಕ್ಕೆ, ಕ್ಯಾಮೆರಾ ನಿಲ್ಲಿಸುವ ಟ್ರೈಪಾಡಿನ ಮೂರು ಕಾಲಿಗೆ. ಟ್ರೈಪಾಡು ನಿಂತಿತೆಂದರೆ ಅಡುಗೆಮನೆಗೆ ಹೋಗುವವರು ಬಗ್ಗಿ ಹೋಗಬೇಕು. ಅಕ್ಕ ಸಾರಿನ ಪಾತ್ರೆ ಹಿಡಿದು ಬಗ್ಗಿ ಹೋಗುವುದನ್ನು ನಾನೇ ನೋಡಿದ್ದೇನೆ. ಅವಳ ತಾಳ್ಮೆ ನನಗೆ ಬರುವುದಿಲ್ಲ, ಬರುವುದೂ ಬೇಡ.

ಭಾವ ಕಿಂಡಿಗೆ ಬಲಗಣ್ಣು ಒತ್ತಿ, ಬಳೆ ತಿರುಗಿಸಿ, ಹಾಳೆಯ ಕೆಳಗಿನ ಬಲಮೂಲೆಯ ಸಣ್ಣ ಅಕ್ಷರದ ಜಾಹೀರಾತನ್ನು ಗಟ್ಟಿಯಾಗಿ ಓದುತ್ತಿದ್ದರು. "ಹಳೆಯ ಹೊಲಿಗೆ ಯಂತ್ರ ಮಾರಾಟಕ್ಕಿದೆ. ಸುಸ್ಥಿತಿಯಲ್ಲಿದೆ. ಸಂಜೆ ಐದರ ನಂತರ ಬಂದು ನೋಡಬಹುದು." ಕೊನೆಯ ಸಾಲಿನವರೆಗೆ ಓದಿ, ಚಿತ್ರ ತೆಗೆದು, ಅದನ್ನು ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ಆಮೇಲೆ ತೀರ್ಪು. ಆ ಹಾಳೆ ಆರು ವರ್ಷದಿಂದ ಗೋಡೆಯ ಮೇಲೇ ಇತ್ತು. ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಎಲ್ಲ ಲೆನ್ಸನ್ನೂ ಒಂದೇ ಹಾಳೆಯ ಮೇಲೆ ನೋಡಿದರೆ ಮಾತ್ರ ಹೋಲಿಸಲು ಬರುತ್ತದೆ, ಹಾಳೆ ಬದಲಾದರೆ ಪರೀಕ್ಷೆಯೇ ಕೆಟ್ಟಿತು ಎಂದು ಅವರ ವಾದ. ನನ್ನ ಅಳತೆ ಟೇಪನ್ನು ನಾನೂ ಬದಲಾಯಿಸುವುದಿಲ್ಲ. ಹಾಗಾಗಿ ಇದೊಂದರಲ್ಲಿ ನಾನು ಅವರ ಪಕ್ಷ ವಹಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದಿಂದೀಚೆಗೆ ತೀರ್ಪುಗಳು ಒಂದೇ ಥರ ಬರತೊಡಗಿದವು. ಬಂದ ಲೆನ್ಸಿಗೆಲ್ಲ ಮಂಜು. ಹಳೆಯ ಲೆನ್ಸಿನೊಳಗೆ ಕೆಲವೊಮ್ಮೆ ಒಂದು ಬಿಳಿಚು ಕಟ್ಟುತ್ತದಂತೆ, ಹಬೆ ಕೂತ ಕನ್ನಡಿಯ ಹಾಗೆ. ಬ್ಯಾಟರಿ ಹಿಡಿದು ಒಳಗೆ ನೋಡಿ, "ಮಂಜಿದೆ, ಇದೂ ಹಾಳು" ಎನ್ನುತ್ತಿದ್ದರು. ಮಾರಿದವರಿಗೆಲ್ಲ ಫೋನು ಮಾಡಿ ಜಗಳ. ವಾಪಸು ಕಳಿಸುವುದು, ಮತ್ತೊಂದು ತರಿಸುವುದು. ವಾಪಸು ತೆಗೆದುಕೊಳ್ಳದವರ ಲೆನ್ಸೆಲ್ಲ ಬೀರುವಿನ ಕೆಳಗಿನ ಅರೆಯಲ್ಲಿ ರಾಶಿ. ರಜೆಯ ದಿನ ಹೊರಗೆ ಹೋಗಿ ಚಿತ್ರ ತೆಗೆಯುವುದು ನಿಂತೇಹೋಯಿತು, ಮನೆಯಲ್ಲೇ ಗೋಡೆಗೂ ಕ್ಯಾಮೆರಾಕ್ಕೂ ನಡುವೆ ಓಡಾಟ. ಕುಡಿಯಲು ಕೊಟ್ಟ ಟೀ ಆರಿಹೋಗುತ್ತಿತ್ತು. ಎಲ್ಲೋ ಒಂದು ಕಡೆ ಒಂದು ಒಳ್ಳೆಯ ಲೆನ್ಸಿದೆ, ಅದು ಇನ್ನೂ ತನಗೆ ಸಿಕ್ಕಿಲ್ಲ ಅಷ್ಟೇ ಎಂಬ ಚಡಪಡಿಕೆ ಅವರನ್ನು ಕೂರಲು ಬಿಡುತ್ತಿರಲಿಲ್ಲ.

ನನಗೂ ಅವರಿಗೂ ಜಗಳವಾದದ್ದು ಬಣ್ಣದ ವಿಷಯಕ್ಕೆ. ಪ್ರತಿ ಲೆನ್ಸಿಗೂ ಬೇರೆ ಬೇರೆ ಬಟ್ಟೆ ಎಂಬುದು ನಮ್ಮ ಕರಾರು. ಒಂದು ದಿನ ಅಂಗಡಿಗೆ ಬಂದವರೇ ಎರಡು ಚೀಲ ಎದುರಿಗೆ ಎಸೆದರು.

"ಏನಯ್ಯಾ ಇದು? ಎರಡೂ ಕರಿ ಬಟ್ಟೆಲೇ ಹೊಲಿದಿದೀಯಲ್ಲ! ನಾನು ಯಾವುದರಲ್ಲಿ ಯಾವುದಿದೆ ಅಂತ ಹುಡುಕ್ಲಿ?"

ಒಂದು ಕಪ್ಪು, ಇನ್ನೊಂದು ಮೊದಲನೆಯ ಚೀಲ, ಕಡುನೀಲಿಯದು.

"ಭಾವ, ಇದು ನೀಲಿ."

"ನೀಲಿಯಂತೆ! ನನಗೇ ಬಣ್ಣ ಹೇಳ್ಕೊಡ್ತೀಯಾ?"

"ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸ್ತಿದೀನಿ. ನಾನು ಹೇಳ್ಕೊಡದೆ ಇನ್ಯಾರು ಹೇಳ್ಕೊಡ್ಬೇಕು?"

ಗಿರಾಕಿಗಳ ಎದುರಿಗೇ ಆಯಿತು. ಭಾವ ದಡದಡನೆ ಇಳಿದು ಹೋದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಎರಡು ವಾರ ಅಕ್ಕನ ಮನೆಗೆ ಹೋಗಲಿಲ್ಲ. ನಲವತ್ತು ದಾಟಿದಾಗಿನಿಂದ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸುವವನು ನಾನು. ಕಣ್ಣು ಕೈಕೊಡುವುದು ಎಂದರೇನು ಎಂದು ಗೊತ್ತಿದ್ದವನಿಗೆ ಆ ಕ್ಷಣ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ನೀಲಿಯನ್ನು ಕಪ್ಪು ಎಂದದ್ದು ನನ್ನ ಕಸುಬಿಗೆ ಮಾಡಿದ ಅವಮಾನ ಎಂದಷ್ಟೇ ಹೊಳೆಯಿತು.

ಮೂರನೇ ವಾರ ಅಕ್ಕನೇ ಫೋನು ಮಾಡಿದಳು. ಹೋದೆ. ಮೇಜಿನ ಮೇಲೆ ಹಾಸಿದ್ದ ಬಿಳಿ ಟವಲಿನ ಮೇಲೆ ಆ ಮೊದಲನೆಯ ಲೆನ್ಸನ್ನು ಭಾವ ಬಿಚ್ಚಿ ಹಾಕಿದ್ದರು. ಸಣ್ಣ ಸ್ಕ್ರೂಗಳು, ಬಳೆಗಳು, ಗಾಜುಗಳು ಸಾಲಾಗಿದ್ದವು. ಮುಂದಿನ ಗಾಜನ್ನು ಕೈಯಲ್ಲಿ ಹಿಡಿದು ಬಟ್ಟೆಯಿಂದ ಉಜ್ಜುತ್ತಿದ್ದರು, ಬೆಳಕಿಗೆ ಹಿಡಿಯುತ್ತಿದ್ದರು, ಮತ್ತೆ ಉಜ್ಜುತ್ತಿದ್ದರು.

"ಇದಕ್ಕೂ ಮಂಜು ಬಂದ್ಬಿಟ್ಟಿದೆ ಕಣೋ" ಎಂದರು. ಜಗಳ ಮರೆತೇ ಹೋಗಿತ್ತು. "ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

ಅಕ್ಕ ಗೋಡೆಯ ಮೇಲಿನ ತನ್ನ ಚಿತ್ರವನ್ನೇ ನೋಡುತ್ತ ನಿಂತಿದ್ದಳು. "ಬೇರೆ ಎಲ್ಲಾ ಏನಾದ್ರೂ ಮಾಡ್ಕೊಳ್ಳಿ, ಅದೊಂದನ್ನ ಬಿಟ್ಬಿಡಿ ಅಂತ ಬೆಳಿಗ್ಗೆಯಿಂದ ಹೇಳ್ತಿದೀನಿ" ಎಂದಳು.

ಭಾವ ಒಳಗೆ ಹೋದಾಗ ನಾನು ಸುಮ್ಮನೆ ಕೆಳಗಿನ ಅರೆಯಿಂದ ಹಾಳು ಎಂದು ಬಿಸಾಕಿದ್ದ ಒಂದು ಲೆನ್ಸು ತೆಗೆದು ಕಿಟಕಿಗೆ ಹಿಡಿದೆ. ಒಳಗೆ ಒಂದಿಷ್ಟು ಧೂಳಿನ ಕಣ ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೊಂದು ತೆಗೆದೆ, ಅದೂ ತಿಳಿಯಾಗಿತ್ತು. ಐದು ನೋಡಿದೆ. ಅವುಗಳಲ್ಲಿ ನಾಲ್ಕು ಹೊಸ ಗಾಜಿನ ಬಳೆಯ ಹಾಗೆ ಫಳಫಳ ಎನ್ನುತ್ತಿದ್ದವು. ಆಗ ನೀಲಿ ಚೀಲ ನೆನಪಾಯಿತು.

ಭಾವ ಹೊರಗೆ ಬಂದ ಮೇಲೆ ಮೆಲ್ಲಗೆ, "ಭಾವ, ಒಂದ್ಸಲ ಕಣ್ಣು ತೋರಿಸ್ಕೊಂಡ್ರೆ ಹೇಗೆ?" ಎಂದೆ.

"ಕಣ್ಣಿಗೇನಾಗಿದೆ? ಡಿಪೋದಲ್ಲಿ ವರ್ಷಾವರ್ಷ ನೋಡ್ತಾರೆ. ನಾಲ್ಕು ತಿಂಗಳ ಹಿಂದೆ ಕೊನೇ ಸಾಲಿನ ತನಕ ಓದಿದೀನಿ. ಕಣ್ಣು ಸರಿಯಿಲ್ದೆ ಬಸ್ಸು ಓಡಿಸ್ತಿದೀನಾ ನಾನು?" ಎಂದು ಹರಿಹಾಯ್ದರು. ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಅಂದಿನಿಂದ ಒಂಬತ್ತನೇ ನಂಬರಿನ ಬಸ್ಸು ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಯಂತ್ರದ ಮೇಲಿಂದ ಕಾಲು ತೆಗೆದು ಅದು ತಿರುವು ದಾಟುವವರೆಗೂ ನೋಡುತ್ತಿದ್ದೆ. ಅಕ್ಕನಿಗೆ ಹೇಳಿದೆ. ಅವಳು, "ಹೇಳಿದ್ರೆ ಕೇಳೋ ಜಾತಿನಾ ಇವರು?" ಎಂದಳು. ಅವಳೇನು ಯೋಚಿಸುತ್ತಿದ್ದಳೋ ನನಗೆ ಆಗ ತಿಳಿಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದಳು. ಹೋದರೆ ಭಾವ ಹೊಸ ಪಾರ್ಸೆಲು ಬಿಚ್ಚುತ್ತಿದ್ದರು, ನಲವತ್ತನಾಲ್ಕನೆಯದು. ಕತ್ತರಿಗೆ ಕಾಯದೆ ಹಲ್ಲಿನಿಂದಲೇ ಟೇಪು ಕಿತ್ತರು. ಟ್ರೈಪಾಡು ಚುಕ್ಕೆಗಳ ಮೇಲೆ ಕೂತಿತು. ಮೈಯೆಲ್ಲ ಅವಸರ. ಗೋಡೆಯ ಕಡೆ ನೋಡಿದ ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮುಂಗೈ ಹಿಡಿದು ಒತ್ತಿದಳು.

ಭಾವ ಕಿಂಡಿಗೆ ಬಲಗಣ್ಣು ಒತ್ತಿದರು, ಬಳೆ ತಿರುಗಿಸಿದರು. "ಹಳೆಯ ಹೊಲಿಗೆ ಯಂತ್ರ ಮಾರಾಟಕ್ಕಿದೆ" ಎಂದು ಓದತೊಡಗಿದರು. "ಸುಸ್ಥಿತಿಯಲ್ಲಿದೆ. ಸಂಜೆ ಐದರ ನಂತರ..."

ಗೋಡೆಯ ಮೇಲೆ ಇದ್ದದ್ದು ಆ ದಿನದ ಪೇಪರಿನ ಹಾಳೆ. ಕೆಳಗಿನ ಬಲಮೂಲೆಯಲ್ಲಿ ಬಾಡಿಗೆ ಮನೆಗಳ ಜಾಹೀರಾತುಗಳಿದ್ದವು. ಹೊಲಿಗೆ ಯಂತ್ರದ ಸುದ್ದಿ ಇಡೀ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಅವರು ಕೊನೆಯ ಸಾಲಿನವರೆಗೂ ಓದಿದರು. ಒಂದಕ್ಷರ ತಡವರಿಸಲಿಲ್ಲ. ಆಮೇಲೆ, "ಪರವಾಗಿಲ್ಲ, ಓದ್ಬಹುದು. ಆದ್ರೆ ಮಂಜಿದೆ" ಎಂದರು.

"ರೀ," ಅಕ್ಕ ಹೇಳಿದಳು, "ಆ ಪೇಪರು ನಾನು ಬೆಳಿಗ್ಗೆನೇ ಬದಲಾಯ್ಸಿದೀನಿ."

ಭಾವ ಮೊದಲು ನಕ್ಕರು, ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎನ್ನುವ ಹಾಗೆ. ನಾವಿಬ್ಬರೂ ನಗದ್ದನ್ನು ಕಂಡು ಗೋಡೆಯ ಹತ್ತಿರ ಹೋದರು. ಹಾಳೆಯ ಮೇಲೆ ಅಂಗೈ ಆಡಿಸಿದರು. ಹಳೆಯದು ಒರಟಾಗಿ ಸೆಟೆದುಕೊಂಡಿತ್ತು, ಇದು ಮೆತ್ತಗಿತ್ತು. ಒಂದು ಗೇಣು ದೂರಕ್ಕೆ ಮುಖ ತಂದು, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. ಎರಡು ಮೂರು ಸಲ ಹಾಗೆ ಮಾಡಿದರು. ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಅವರ ಮುಖ ನೋಡಲಾಗದೆ ನಾನು ನೆಲದ ಟೇಪಿನ ಚುಕ್ಕೆ ನೋಡುತ್ತಿದ್ದೆ.

"ಡಿಪೋದ ಕಣ್ಣಿನ ಬೋರ್ಡೂ ಹಾಗೇ" ಎಂದರು. "ಹನ್ನೊಂದು ವರ್ಷದಿಂದ ಅದೇ ಬೋರ್ಡು. ಏಳು ಸಾಲೂ ಬಾಯಿಪಾಠ. ಓದ್ತಿದೀನಿ ಅಂತಾನೇ ಅನ್ಕೊಂಡಿದ್ದೆ ಕಣೇ, ದೇವರಾಣೆಗೂ ಓದ್ತಿದೀನಿ ಅಂತಾನೇ."

ಅಕ್ಕ ನೀರಿನ ಲೋಟ ತಂದು ಎದುರಿಗಿಟ್ಟಳು.

"ದಾರಿನೂ ಹಾಗೇ ಅಲ್ವೇನೇ?" ಎಂದರು. "ಇಪ್ಪತ್ತೆರಡು ವರ್ಷ. ಎಲ್ಲಿ ಹಂಪು, ಎಲ್ಲಿ ಕಂಬ, ಎಲ್ಲಿ ತಿರುವು, ಎಲ್ಲಾ ಬಾಯಿಪಾಠ. ನಾನು ನೋಡ್ಕೊಂಡು ಓಡಿಸ್ತಿದೀನೋ, ಒಪ್ಪಿಸ್ಕೊಂಡು ಹೋಗ್ತಿದೀನೋ?"

ಊಟ ಯಾರಿಗೂ ಸೇರಲಿಲ್ಲ. ಭಾವ ಚಪ್ಪಲಿ ಮೆಟ್ಟಿ ಹೊರಟರು. ಮರುದಿನ ಬೆಳಿಗ್ಗೆ ಆರಕ್ಕೆ ಮೊದಲ ಬಸ್ಸು ಅವರದೇ. ಈಗಲೇ ಡಿಪೋಗೆ ಹೋಗಿ ಹೇಳಬೇಕು ಎಂದರು. ಆಟೊ ಬೇಡವೆಂದರು. ಬಸ್ಸಿನ ದಾರಿಯಲ್ಲೇ ನಡೆದು ಹೋಗೋಣ ಎಂದರು. ನಾನು ಹಿಂದೆ ಹಿಂದೆ ಓಡಬೇಕಾಯಿತು.

ನಡೆಯುತ್ತ ಅವರು ಪಾಠ ಒಪ್ಪಿಸಿದರು. "ಈಗ ಔಷಧಿ ಅಂಗಡಿ. ಎಡಕ್ಕೆ ಕಂಬ, ಸ್ವಲ್ಪ ರಸ್ತೆಗೆ ವಾಲಿದೆ. ಇಪ್ಪತ್ತು ಹೆಜ್ಜೆಗೆ ಹಂಪು." ಎಲ್ಲವೂ ಹೇಳಿದಲ್ಲೇ ಇತ್ತು. ಬ್ಯಾಂಕಿನ ಮುಂದೆ ಬರುವಾಗ, "ಇಲ್ಲಿಂದ ಶಾಲೆ ಗೇಟಿನ ತನಕ ಖಾಲಿ ರಸ್ತೆ" ಎಂದು ಮುಂದೆ ಹೆಜ್ಜೆ ಹಾಕಿದರು. ನಾನು ತೋಳು ಹಿಡಿದು ಎಳೆದೆ.

ರಸ್ತೆಯ ಎಡಭಾಗದಲ್ಲಿ ಪೈಪು ಹಾಕಲು ಉದ್ದಕ್ಕೆ ಅಗೆದಿದ್ದರು. ಆಳುದ್ದದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ, ಸುತ್ತ ಹಗ್ಗ, ಒಂದು ಹಲಗೆ. ಭಾನುವಾರವಾದ್ದರಿಂದ ಕೆಲಸದವರು ಇರಲಿಲ್ಲ.

"ಇದು ಯಾವಾಗ ಆಯ್ತು?" ಎಂದರು.

ಪಕ್ಕದ ಅಂಗಡಿಯಾತ, "ಬುಧವಾರದಿಂದ ಅಗೀತಿದಾರೆ" ಎಂದ.

ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಭಾವ ಬೆರಳು ಮಡಿಸಿದರು. ನಾಲ್ಕು ದಿನ, ದಿನಕ್ಕೆ ಎಂಟು ಸಲ ಇದೇ ಅಂಚಿನಲ್ಲಿ ಬಸ್ಸು ಹೋಗಿತ್ತು. ಹಗ್ಗದ ಪಕ್ಕದ ಹಸಿ ಮಣ್ಣಿನಲ್ಲಿ ಅಗಲವಾದ ಟೈರಿನ ಗುರುತಿತ್ತು. ಅದು ಯಾವ ಬಸ್ಸಿನದೋ ಯಾರಿಗೆ ಗೊತ್ತು. ಭಾವ ಅದನ್ನು ಬಗ್ಗಿ ನೋಡಿದರು. ಆಮೇಲೆ ಡಿಪೋದವರೆಗೂ ಅವರ ಕೈಬೆರಳುಗಳು ಷರಟಿನ ಗುಂಡಿಯನ್ನು ತಿರುಗಿಸುತ್ತಲೇ ಇದ್ದವು. ಗುಂಡಿ ಕಿತ್ತು ಕೈಗೆ ಬಂತು.

ಡಿಪೋದ ಅಧಿಕಾರಿ ನಕ್ಕರು. "ಏನ್ರೀ ದುರ್ಬೀನು, ನಾಲ್ಕು ತಿಂಗಳ ಹಿಂದೆ ಪಾಸಾಗಿದೀರ. ನಾಳೆ ನನ್ನ ಹತ್ರ ಬದಲಿ ಡ್ರೈವರಿಲ್ಲ. ಈ ವಾರ ಓಡಿಸಿ, ಮುಂದಿನ ವಾರ ಡಾಕ್ಟರ ಹತ್ರ ಹೋದ್ರಾಯ್ತು."

ಭಾವ ಗೋಡೆಯ ಕಣ್ಣಿನ ಬೋರ್ಡಿಗೆ ಬೆನ್ನು ಹಾಕಿ ನಿಂತರು. ಹಾಗೇ ನಿಂತು ಮೊದಲ ಸಾಲಿನಿಂದ ಏಳನೆಯ ಸಾಲಿನವರೆಗೆ ಒಂದೊಂದೇ ಅಕ್ಷರ ಹೇಳಿದರು. ಅಧಿಕಾರಿ ಬೋರ್ಡು ನೋಡುತ್ತ ಕೇಳಿದರು. ಒಂದೂ ತಪ್ಪಿರಲಿಲ್ಲ. ಅವರ ನಗು ನಿಂತಿತು.

"ಸಾರ್, ಕಣ್ಣು ಬಿಟ್ಕೊಂಡು ಓದಿದಾಗ್ಲೂ ನಾನು ಹೀಗೇ ಓದಿದ್ದು" ಎಂದು ಭಾವ ಜೇಬಿನಲ್ಲಿದ್ದ ಬ್ಯಾಡ್ಜು ತೆಗೆದು ಮೇಜಿನ ಮೇಲಿಟ್ಟರು. ಭಾವನ ಮೇಲೆ ನನಗೆ ಹೆಮ್ಮೆಯಾದದ್ದು ಜೀವನದಲ್ಲಿ ಅದೇ ಮೊದಲು. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ಚೀಲ ಹೊಲಿ ಎನ್ನುತ್ತಿದ್ದರು.

ಕಣ್ಣಿನ ಡಾಕ್ಟರಮ್ಮ ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಲಗಣ್ಣಿನೊಳಗೆ ಸಣ್ಣ ಬೆಳಕು ಬಿಟ್ಟು ನೋಡಿದರು. ಎಡಗಣ್ಣೂ ನೋಡಿದರು.

"ಪೊರೆ ಬಂದಿದೆ. ಬಲಗಣ್ಣಿನದು ಜೋರಾಗೇ ಇದೆ. ಕಣ್ಣೊಳಗಿನ ಲೆನ್ಸು ಪೂರ್ತಿ ಮಂಜಾಗಿದೆ" ಎಂದರು.

ಭಾವ ನನ್ನ ಕಡೆ ತಿರುಗಿದರು. ಆ ಭಾನುವಾರದ ಮೇಲೆ ಅವರು ಮೊದಲ ಸಲ ನಕ್ಕದ್ದು ಆಗ, ಅದೂ ಅಳುವಿನ ಪಕ್ಕದ ನಗು. "ಕೇಳಿದ್ಯೇನೋ? ಜಗತ್ತಿನ ಲೆನ್ಸೆಲ್ಲಾ ಬಿಚ್ಚಿ ನೋಡ್ದೆ. ಇದೊಂದನ್ನ ಬಿಚ್ಚಲಿಲ್ಲ!"

ಡಾಕ್ಟರಮ್ಮ ಹಳೆಯ ಲೆನ್ಸು ತೆಗೆದು ಬೇರೆ ಕೂರಿಸುವುದನ್ನು ವಿವರಿಸಿದರು. ಭಾವನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಗಾಜಿನದೋ ಪ್ಲಾಸ್ಟಿಕ್ಕಿನದೋ? ಮೇಲೆ ಲೇಪ ಇರುತ್ತದೋ? ಫೋಕಸ್ಸು ಹೇಗೆ?

"ದೂರದ್ದು ಚೆನ್ನಾಗಿ ಕಾಣುತ್ತೆ. ಹತ್ತಿರಕ್ಕೆ ಕನ್ನಡಕ ಬೇಕು. ಅದು ಒಂದೇ ಕಡೆ ನಿಂತಿರುತ್ತೆ, ತಿರುಗಲ್ಲ."

"ತಿರುಗೋದೇ ಇಲ್ವಾ?" ಎಂದು ಭಾವ ಕೇಳಿದ ದನಿಗೆ ನನಗೆ ಅಯ್ಯೋ ಅನ್ನಿಸಿತು.

ಒಂದು ತಿಂಗಳ ಅಂತರದಲ್ಲಿ ಎರಡೂ ಕಣ್ಣಿನ ಆಪರೇಷನ್ ಆಯಿತು. ಎರಡನೆಯದರ ಪಟ್ಟಿ ತೆಗೆದ ದಿನ ಭಾವ ಮೊದಲು ಮಾಡಿದ ಕೆಲಸ ಬೀರು ತೆಗೆದದ್ದು. ನೀಲಿ ಚೀಲ ಕೈಗೆತ್ತಿಕೊಂಡು ನನ್ನನ್ನು ನೋಡಿದರು. "ನೀಲಿನೇ" ಎಂದರು. ನಾನು ಬೇರೆ ಕಡೆ ನೋಡಿದೆ. ಕ್ಷಮೆ ಕೇಳುವುದು ಅವರಿಗೂ ಬರುವುದಿಲ್ಲ, ಕೇಳಿದರೆ ತೆಗೆದುಕೊಳ್ಳುವುದು ನನಗೂ ಬರುವುದಿಲ್ಲ.

ಚೀಲದಲ್ಲಿ ಮತ್ತೆ ಜೋಡಿಸಿಟ್ಟಿದ್ದ ಆ ಲೆನ್ಸನ್ನು ತೆಗೆದು, ಹತ್ತಿರದ ಕನ್ನಡಕ ಏರಿಸಿ, ಬ್ಯಾಟರಿ ಬಿಟ್ಟು ನೋಡಿದರು. ಮಂಜು ಇರಲಿಲ್ಲ, ಯಾವತ್ತೂ ಇರಲಿಲ್ಲ. ಗಾಜಿನ ಮೇಲೆ ಮಾತ್ರ ಸುತ್ತುಸುತ್ತಾಗಿ ನೂರಾರು ಗೀರು. ಆ ದಿನ ಅವರು ಉಜ್ಜಿ ಉಜ್ಜಿ ಅದರ ಲೇಪವನ್ನೇ ಕಿತ್ತಿದ್ದರು. "ಪಾಪದ್ದು" ಎಂದರು. ಅಕ್ಕ ಅದನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಚೀಲಕ್ಕೆ ಹಾಕಿದಳು.

ಕೆಲಸಕ್ಕೆ ಮರಳುವ ಪತ್ರ ಸಿಗಲು ಇನ್ನೂ ಮೂರು ವಾರವಿತ್ತು. ಮನೆಯಲ್ಲಿ ಕೂರುವುದು ಆಗದು. ಆ ಗೀರು ಬಿದ್ದ ಲೆನ್ಸನ್ನೇ ಕ್ಯಾಮೆರಾಕ್ಕೆ ಹಾಕಿಕೊಂಡು ಬಸ್ಸಿನ ದಾರಿಯಲ್ಲಿ ನಡೆಯತೊಡಗಿದರು. ಕೆಂಪು ಗೀಟಿನ ಸೌಕರ್ಯವನ್ನು ಈಗ ಹಾಕಿಕೊಂಡಿದ್ದರು. ಒಂದು ದಿನ ನಾನೂ ಜೊತೆಗಿದ್ದೆ. ಕಂದಕದ ಕೆಲಸ ಶಾಲೆಯ ಗೇಟು ದಾಟಿ ಮುಂದೆ ಹೋಗಿತ್ತು. ಅಲ್ಲಿ ಒಬ್ಬ ಹೆಂಗಸು ಕೆಂಪು ಬಾವುಟ ಹಿಡಿದು ವಾಹನಗಳನ್ನು ನಿಲ್ಲಿಸುವುದು, ಬಿಡುವುದು ಮಾಡುತ್ತಿದ್ದಳು. ನಲವತ್ತರ ಆಸುಪಾಸು, ತಲೆಗೆ ಹಳದಿ ಟೊಪ್ಪಿ. ಭಾವನನ್ನು ಕಂಡು ಕಣ್ಣು ಕಿರಿದು ಮಾಡಿದಳು.

"ನೀವು ಒಂಬತ್ತನೇ ನಂಬರ್ ಡ್ರೈವರ್ ಅಲ್ವಾ?" ಎಂದಳು.

ಭಾವ ಹಿಗ್ಗಿದರು. ಗುರುತು ಹಿಡಿದರಲ್ಲ ಎಂಬ ಹಿಗ್ಗು. "ಹೌದಮ್ಮಾ. ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು! ಎಲ್ಲರೂ ನಿಲ್ಲಿಸೋರು, ನೀವೊಬ್ರು ನಿಲ್ಲಿಸ್ತಿರ್ಲಿಲ್ಲ. ಬ್ಯಾಂಕಿನ ಮುಂದೆ ಅಗೀತಿದ್ವಲ್ಲ, ಆಗ. ಮೊದಲ ದಿನ ನಾನು ಬಾವುಟ ಎತ್ತಿ ಎದುರಿಗೇ ನಿಂತಿದ್ದೆ, ಸೀದಾ ಬಂದ್ಬಿಟ್ರಿ. ಮಣ್ಣಿನ ಗುಡ್ಡೆ ಮೇಲೆ ಹಾರ್ಕೊಂಡೆ. ಆಮೇಲಿಂದ ನಿಮ್ಮ ಬಸ್ಸು ದೂರದಲ್ಲಿ ಕಂಡ್ರೆ ಸಾಕು, ನಾನೇ ಪಕ್ಕಕ್ಕೆ ಸರ್ಕೊಳ್ತಿದ್ದೆ. ಈ ಮನುಷ್ಯನಿಗೆ ಅಷ್ಟೇನು ಸೊಕ್ಕು ಅಂತ ನಾವೆಲ್ಲಾ ಮಾತಾಡ್ಕೊಳ್ತಿದ್ವಿ."

ಅವಳು ಬೈಯುವ ಹಾಗೆಯೂ ಹೇಳಲಿಲ್ಲ, ನಗುತ್ತಲೇ ಹೇಳಿದಳು. ಭಾವ ನನ್ನ ಭುಜ ಹಿಡಿದುಕೊಂಡರು.

"ಸೊಕ್ಕಲ್ಲಮ್ಮಾ" ಎಂದರು. "ನೀನು ನನಗೆ ಕಾಣ್ಲೇ ಇಲ್ಲ. ನಾಲ್ಕು ದಿನದಲ್ಲಿ ಒಂದ್ಸಲಾನೂ ಕಾಣ್ಲಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ನಗುವೂ ನಿಂತಿತು. ಒಂದು ಲಾರಿ ಹಾರ್ನು ಹೊಡೆಯಿತು. ಅವಳು ತಿರುಗಿ ಅದನ್ನು ಬಿಟ್ಟು ಬಂದಳು. ಭಾವ ಅಲ್ಲೇ ನಿಂತಿದ್ದರು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಇಬ್ಬರು ಹೆಣ್ಣುಮಕ್ಕಳು ಎಂದಳು. ಆಮೇಲೆ, ಒಂದು ಫೋಟೊ ತೆಗೆಯಲೇ ಎಂದು ಕೇಳಿದರು. ಅವಳು ಟೊಪ್ಪಿ ಸರಿಮಾಡಿಕೊಂಡು, ಬಾವುಟ ಎತ್ತಿ, ರಸ್ತೆಯ ನಡುವೆ ನಿಂತಳು. ಭಾವ ಬಳೆಯನ್ನು ಬಹಳ ಹೊತ್ತು ತಿರುಗಿಸಿದರು, ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಅಷ್ಟು ನಿಧಾನವಾಗಿ ಅವರು ಏನನ್ನೂ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಗೀರಿನಿಂದಾಗಿ ಚಿತ್ರದ ಬೆಳಕೆಲ್ಲ ಸ್ವಲ್ಪ ಚೆದುರಿದೆ. ಆದರೆ ಅವಳ ಕಣ್ಣು, ಟೊಪ್ಪಿಯ ದಾರ, ಬಾವುಟದ ಅಂಚಿನ ಹೊಲಿಗೆ ಬಿಟ್ಟಿರುವುದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡದಾಗಿ ಅಚ್ಚು ಹಾಕಿಸಿ ಎರಡು ಪ್ರತಿ ಮಾಡಿಸಿದರು. ಒಂದನ್ನು ಅವಳಿಗೆ ಕೊಟ್ಟರು. ಇನ್ನೊಂದು ನಡುಮನೆಯ ಗೋಡೆಯಲ್ಲಿ ಪೇಪರು ಇದ್ದ ಜಾಗದಲ್ಲಿದೆ.

ಭಾವ ಈಗ ಮತ್ತೆ ಒಂಬತ್ತನೇ ನಂಬರು ಓಡಿಸುತ್ತಾರೆ. ಡಿಪೋದ ಕಣ್ಣಿನ ಬೋರ್ಡು ಬದಲಾಯಿಸುವವರೆಗೂ ಅಧಿಕಾರಿಯ ಬೆನ್ನು ಬಿಡಲಿಲ್ಲ. ಕೆಳಗಿನ ಅರೆಯಿಂದ ಇಪ್ಪತ್ತು ಲೆನ್ಸುಗಳು ಮೇಲಕ್ಕೆ ಬಂದಿವೆ. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಇನ್ನೂ ಬಿಡುಗಡೆಯಿಲ್ಲ. ದಿನಾ ಬೆಳಿಗ್ಗೆ ಐದೂಕಾಲಿಗೆ, ಕೆಲಸಕ್ಕೆ ಹೊರಡುವ ಮುಂಚೆ, ನೆಲದ ಬಿಳಿ ಚುಕ್ಕೆಗಳ ಹತ್ತಿರ ನಿಂತು ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಮುಚ್ಚಿ ಆ ಚಿತ್ರವನ್ನು ನೋಡುತ್ತಾರೆ. ಅದೂ ಬಾಯಿಪಾಠವಾಗಿಬಿಟ್ಟೀತೆಂದು ಅಕ್ಕ ಹತ್ತು ದಿನಕ್ಕೊಮ್ಮೆ ಅದರ ಪಕ್ಕದಲ್ಲಿ ಹೊಸ ಪೇಪರು ಅಂಟಿಸುತ್ತಾಳೆ, ಯಾವತ್ತು ಎಂದು ಅವರಿಗೆ ಹೇಳುವುದಿಲ್ಲ.